ಜಕ್ಕೂರು ಏರೋಡ್ರೋಮ್: ರನ್‌ವೇ ಕಾಂಪೌಂಡ್ ಗೋಡೆಗೇ ಮುಗಿಯಲ್ಲ

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗೋರು ಮುಂದಿನ ಸಲ ಎಡಗಡೆ ಕಿಟಕಿ ಸೀಟು ಹಿಡ್ಕೊಳ್ಳಿ. ದೇವನಹಳ್ಳಿ ಆಯ್ತು, ಯಲಹಂಕ ಆಯ್ತು, ಆಮೇಲೆ ಜಕ್ಕೂರು ಹತ್ರ ರೋಡ್ ಪಕ್ಕದಲ್ಲೇ ಒಂದು ದೊಡ್ಡ ಬಯಲು, ಅದರಲ್ಲಿ ಒಂದೇ ಒಂದು ಟಾರ್ ಪಟ್ಟಿ, ಕಂಬದ ಮೇಲೆ ಗಾಳಿ ತುಂಬ್ಕೊಂಡಿರೋ ಬಟ್ಟೆ ಚೀಲ. ನಮ್ಮ ಓದೋ ಗುಂಪಲ್ಲಿ ಒಬ್ಬರು ಕೇಳಿದ್ರು, ದೇವನಹಳ್ಳೀಲಿ ಅಷ್ಟು ದೊಡ್ಡ ಏರ್‌ಪೋರ್ಟ್ ಇರುವಾಗ ಇದ್ಯಾಕೆ ಬೇಕು ಅಂತ. ಆ ಪ್ರಶ್ನೆಗೋಸ್ಕರಾನೇ ಈ ಟಿಪ್ಪಣಿ.

ಟೈಮ್‌ಟೇಬಲ್ ಇಟ್ಕೊಂಡು ಟಿಕೆಟ್ ಮಾರಿ ಹಾರಿಸೋ ವಿಮಾನಗಳು ಒಂದು ಕಡೆ, ವಾಯುಸೇನೆಯವು ಇನ್ನೊಂದು ಕಡೆ. ಇವೆರಡನ್ನೂ ಬಿಟ್ಟು ಉಳಿದಿದ್ದೆಲ್ಲಾ, ಅಂದ್ರೆ ಪೈಲಟ್ ತರಬೇತಿ, ಬಾಡಿಗೆ ಹೆಲಿಕಾಪ್ಟರ್, ಸ್ವಂತ ವಿಮಾನ, ಸರ್ವೆ ಕೆಲಸ, ಪೇಷೆಂಟ್ ಸಾಗಿಸೋದು, ಇದಕ್ಕೆ ಜನರಲ್ ಏವಿಯೇಷನ್ ಅಂತಾರೆ. ದೊಡ್ಡ ಜೆಟ್‌ಗಳ ಸಾಲಿನ ಮಧ್ಯೆ ಹೊಸದಾಗಿ ಕಲಿಯೋ ಹುಡುಗಿ ಒಂದು ಗಂಟೇಲಿ ಏಳೆಂಟು ಸಲ ಇಳಿದು ಏಳೋಕಾಗಲ್ಲ, ಅದಕ್ಕೆ ಬೇರೇನೇ ಜಾಗ ಬೇಕು.

ಜಕ್ಕೂರು ಏರೋಡ್ರೋಮ್ ಶುರುವಾಗಿದ್ದು 1948ರಲ್ಲಿ. ಜಾಗ ಮೈಸೂರು ಮಹಾರಾಜರು ಕೊಟ್ಟಿದ್ದು, 200 ಎಕರೆಗೂ ಹೆಚ್ಚು. ಮರುವರ್ಷ 1949ರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಬಂತು. ಈ ಶಾಲೆ ಇರೋದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕೆಳಗೆ, ಇದನ್ನ ನೆನಪಿಟ್ಕೊಳ್ಳಿ, ತುಂಬಾ ಜನ ಸಾರಿಗೆ ಇಲಾಖೆ ಅಂತ ಬರೆದುಬಿಡ್ತಾರೆ. ಆ ಕಾಲದ ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತಾನೇ ಎಚ್‌ಎಎಲ್‌ನವರು ಪುಷ್ಪಕ್ ಅನ್ನೋ ಎರಡು ಸೀಟಿನ ವಿಮಾನ ಮಾಡಿದ್ರು, ಮೊದಲ ಹಾರಾಟ 1958. ಆಮೇಲೆ ಸೆಸ್ನಾ ಅನ್ನೋ ಅಮೆರಿಕದ ಪುಟ್ಟ ವಿಮಾನ ಬಂತು. 1997ರ ಹೊತ್ತಿಗೆ ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್‌ಗಳು ಹಾರೋಕೆ ಶುರುವಾಗಿದ್ದೂ ಇಲ್ಲಿಂದಾನೇ, 2003ರ ಏರ್ ಡೆಕ್ಕನ್‌ಗೆ ಬೇರು ಇದೇ ಬಯಲಲ್ಲಿದೆ.

ಈಗ ರನ್‌ವೇ. ಅದರ ಹೆಸರು 08/26. ದಿಕ್ಸೂಚಿ ಡಿಗ್ರೀಲಿ ಕೊನೇ ಸೊನ್ನೆ ತೆಗೆದ್ರೆ ಬರೋ ನಂಬರ್ ಅದು: ಪೂರ್ವಕ್ಕೆ ಮುಖ ಮಾಡಿದ್ರೆ ಸುಮಾರು 80 ಡಿಗ್ರಿ, ಪಶ್ಚಿಮಕ್ಕೆ ಮಾಡಿದ್ರೆ 260. ಟಾರ್ ಒಂದೇ, ಹೆಸರು ಎರಡು. ಯಾವ ಕಡೆ ಓಡಬೇಕು ಅಂತ ಹೇಳೋದು ಗಾಳಿ. ರಾಗಿ ಕಣದಲ್ಲಿ ತೂರೋಕೆ ನಿಂತೋರಿಗೆ ಗಾಳಿ ದಿಕ್ಕು ಎಷ್ಟು ಮುಖ್ಯಾನೋ ಪೈಲಟ್‌ಗೂ ಅಷ್ಟೇ, ಆದ್ರೆ ಇಲ್ಲಿ ಗಾಳಿಗೆ ಎದೆ ಕೊಟ್ಟು ಓಡಬೇಕು. ಲೆಕ್ಕ ನೋಡಿ: ಒಂದು ಪುಟ್ಟ ವಿಮಾನ ಏಳೋಕೆ ರೆಕ್ಕೆ ಮೇಲೆ 55 ನಾಟ್ (ನಾಟ್ ಅಂದ್ರೆ ವಿಮಾನದವರು ವೇಗ ಅಳೆಯೋ ಲೆಕ್ಕ) ಗಾಳಿ ಬೇಕು ಅಂದ್ಕೊಳ್ಳಿ. ಎದುರಿಂದ 10 ನಾಟ್ ಬೀಸ್ತಿದ್ರೆ ನೆಲದ ಮೇಲೆ 45 ನಾಟ್ ಓಡಿದ್ರೆ ಸಾಕು, ಹಿಂದಿಂದ ಬೀಸ್ತಿದ್ರೆ 65 ಓಡಬೇಕು. ಓಡೋ ದೂರ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯತ್ತೆ, ಹಾಗಾಗಿ ಎದುರು ಗಾಳಿಗೆ ದೂರ ಮೂರನೇ ಒಂದು ಭಾಗ ಕಮ್ಮಿ, ಹಿಂಗಾಳಿಗೆ ಹತ್ರ ಹತ್ರ 40% ಜಾಸ್ತಿ. ಮುಂಗಾರಲ್ಲಿ ಪಶ್ಚಿಮದ ಗಾಳಿ, ಅದಕ್ಕೆ 26 ಬಳಸಬೇಕಾಗತ್ತೆ. ಚಳಿಗಾಲದಲ್ಲಿ ಪೂರ್ವದ ಗಾಳಿ ಬಂದ್ರೆ 08.

ಇಲ್ಲಿ ಗಮನ ಕೊಡಿ, ನನಗೆ ಇಡೀ ಟಿಪ್ಪಣೀಲಿ ಮುಖ್ಯ ಅನ್ಸೋದು ಇದು. ನಮ್ಮ ಬಸ್ ಹೋಗೋ ಬಳ್ಳಾರಿ ರಸ್ತೆ ಇರೋದು ರನ್‌ವೇಯ ಪಶ್ಚಿಮದ ತುದಿ ಕಡೆ. 26ರಲ್ಲಿ ಎದ್ದವನು ಆ ರೋಡ್ ಮೇಲೇ ಹಾದು ಹೋಗಬೇಕು, 08ಕ್ಕೆ ಇಳಿಯೋನು ಆ ರೋಡ್ ಮೇಲಿಂದಾನೇ ಬರಬೇಕು. ರೋಡ್ ನೆಲದ ಮಟ್ಟದಲ್ಲಿದ್ದಾಗ ಹೇಗೋ ನಡೀತಿತ್ತು. ದೇವನಹಳ್ಳಿ ಏರ್‌ಪೋರ್ಟ್ 2008ರಲ್ಲಿ ತೆರೆದ ಮೇಲೆ ಅಲ್ಲಿಗೆ ಬೇಗ ತಲುಪೋಕೆ ಅಂತ ಎಲಿವೇಟೆಡ್ ರಸ್ತೆ ಕಟ್ಟಿದ್ರು. ಒಂದು ಏರ್‌ಪೋರ್ಟ್‌ಗೆ ದಾರಿ ಮಾಡೋಕೆ ಹೋಗಿ ಇನ್ನೊಂದು ಏರೋಡ್ರೋಮ್‌ನ ಆಕಾಶಕ್ಕೆ ಅಡ್ಡ ಬಂದಂಗಾಯ್ತು, ಬಳಸೋಕೆ ಆಗೋ ರನ್‌ವೇ ಉದ್ದ ಕಮ್ಮಿಯಾಯ್ತು, ತರಬೇತಿಗೆ ದೊಡ್ಡ ಏಟು ಬಿತ್ತು.

ಟಾರ್ ಅಲ್ಲೇ ಇದ್ಯಲ್ಲ, ಉದ್ದ ಹೇಗೆ ಕಮ್ಮಿಯಾಗತ್ತೆ? ರನ್‌ವೇ ತುದಿಯಿಂದ ಆಚೆಗೆ ಗಾಳೀಲಿ ಒಂದು ಇಳಿಜಾರು ಹಲಗೆ ಇಟ್ಟಿದೆ ಅಂತ ಕಲ್ಪಿಸ್ಕೊಳ್ಳಿ, ಅದರ ಮೇಲಕ್ಕೆ ಯಾವ ಮರ, ಕಂಬ, ಕಟ್ಟಡಾನೂ ಚಾಚಬಾರದು. ಅಂತರರಾಷ್ಟ್ರೀಯ ನಿಯಮದಲ್ಲಿ 800ರಿಂದ 1200 ಮೀಟರ್ ವರ್ಗದ, ಕಣ್ಣಲ್ಲಿ ನೋಡ್ಕೊಂಡು ಇಳಿಯೋ ರನ್‌ವೇಗೆ ಈ ಇಳಿಜಾರು 4%, ಶುರುವಾಗೋದು ತುದಿಯಿಂದ 60 ಮೀಟರ್ ಆಚೆ. ಉದಾಹರಣೆಗೆ 12 ಮೀಟರ್ ಎತ್ತರದ ಒಂದು ಅಡ್ಡಿ ಇದೆ ಅನ್ನೋಣ. 12ನ್ನ 0.04ರಿಂದ ಭಾಗಿಸಿದ್ರೆ 300, ಅದಕ್ಕೆ 60 ಸೇರಿಸಿ, 360 ಮೀಟರ್ ದೂರ ಇರಬೇಕು. ಅದು 200 ಮೀಟರಲ್ಲೇ ಇದ್ರೆ ಅಡ್ಡೀನ ಜರುಗಿಸೋಕಾಗಲ್ಲ, ಇಳಿಯೋ ಗೆರೇನೇ 160 ಮೀಟರ್ ಒಳಕ್ಕೆ ಜರುಗಿಸ್ಬೇಕು. ಹೀಗೆ ಜರುಗಿಸಿದ ಗೆರೆಗೆ ಡಿಸ್‌ಪ್ಲೇಸ್ಡ್ ಥ್ರೆಶೋಲ್ಡ್ ಅಂತ ಹೆಸರು. ಬಸ್ಸಲ್ಲಿ ಕೂತು ನೋಡೋವಾಗ ನಮ್ಮ ಬಸ್ಸಿನ ಎತ್ತರಾನೂ ಸೇರಿಸ್ಕೊಂಡು ಲೆಕ್ಕ ಹಾಕಿ, ಬೀದಿ ದೀಪದ ಕಂಬಾನೂ.

ಇನ್ನು ಬಿಸಿಲು. ಬಿಸಿಯಾದ ಗಾಳಿ ತೆಳುವಾಗತ್ತೆ, ರೆಕ್ಕೆಗೂ ಎಂಜಿನ್‌ಗೂ ಪ್ರೊಪೆಲರ್‌ಗೂ ಮೂರಕ್ಕೂ ಹೊಡೆತ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಅಷ್ಟು ಎತ್ತರದಲ್ಲಿ ಸ್ಟ್ಯಾಂಡರ್ಡ್ ಉಷ್ಣಾಂಶ 9 ಡಿಗ್ರಿ, ಅಂದ್ರೆ ಸಮುದ್ರ ಮಟ್ಟದ 15ರಲ್ಲಿ ಸಾವಿರ ಅಡಿಗೆ 2ರಂತೆ ಕಳೆದಿದ್ದು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ರೆ 25 ಡಿಗ್ರಿ ಜಾಸ್ತಿ, ಪ್ರತಿ ಡಿಗ್ರಿಗೆ 120 ಅಡಿ ಅಂತ ಹಿಡಿದ್ರೆ ಇನ್ನೂ 3000 ಅಡಿ ಸೇರತ್ತೆ. ಒಟ್ಟು 6000. ಗಾಳಿ ಎಷ್ಟು ತೆಳುವಾಗಿದೆ ಅಂತ ಹೀಗೆ ಎತ್ತರದ ಲೆಕ್ಕದಲ್ಲಿ ಹೇಳೋದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅಂತಾರೆ. ನಮ್ಮ ನಂದಿ ಬೆಟ್ಟದ ತುದಿ 4851 ಅಡಿ, ಅಂದ್ರೆ ನೆಲದ ಮೇಲೆ ನಿಂತಿರೋ ವಿಮಾನಕ್ಕೆ ತಾನು ನಂದಿಗಿಂತ ಸಾವಿರ ಅಡಿ ಮೇಲಿದೀನಿ ಅನ್ನೋ ಹಾಗೆ ಆಗತ್ತೆ! ಮಾಮೂಲಿ ಪಿಸ್ಟನ್ ಎಂಜಿನ್ ಸಾವಿರ ಅಡಿಗೆ ಹತ್ರ ಹತ್ರ 3% ಶಕ್ತಿ ಕಳ್ಕೊಳ್ಳತ್ತೆ. ಇದರ ಜೊತೆ ಮೊಟಕಾದ ರನ್‌ವೇ ಇಟ್ಟು ಯೋಚನೆ ಮಾಡಿ, 160 ಮೀಟರ್ ಅನ್ನೋದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ತಾನಾಗೇ ಗೊತ್ತಾಗತ್ತೆ.

ಬೆಳಗ್ಗೆ ಮೊದಲ ಹಾರಾಟಕ್ಕೆ ಮುಂಚೆ ಮಾಡೋ ಒಂದು ಕೆಲಸ ಹೇಳ್ತೀನಿ, ವೈವಾದಲ್ಲೂ ಕೇಳಬಹುದು. ರೆಕ್ಕೆ ಕೆಳಗಿನ ಡ್ರೇನ್‌ನಿಂದ ಒಂಚೂರು ಪೆಟ್ರೋಲನ್ನ ಪಾರದರ್ಶಕ ಕಪ್ಪಿಗೆ ಇಳಿಸಿ ಬೆಳಕಿಗೆ ಹಿಡೀತಾರೆ. ಸೆಸ್ನಾ 172ಕ್ಕೆ ಹಾಕೋ ವಿಮಾನದ ಪೆಟ್ರೋಲ್, ಏವ್‌ಗ್ಯಾಸ್ 100ಎಲ್‌ಎಲ್, ತಿಳಿ ನೀಲಿ ಬಣ್ಣ. ರಾತ್ರಿ ಟ್ಯಾಂಕಲ್ಲಿ ತೇವ ಕಟ್ಟಿ ನೀರಾಗಿದ್ರೆ ಅದು ಭಾರ, ಕಪ್ಪಿನ ತಳದಲ್ಲಿ ಬಣ್ಣ ಇಲ್ಲದ ಗುಳ್ಳೆ ಥರ ಕೂರತ್ತೆ. ಅದು ಪೂರ್ತಿ ಹೋಗೋವರೆಗೂ ಇಳಿಸ್ತಾನೇ ಇರಬೇಕು.

ಲೈಸೆನ್ಸ್ ಬಗ್ಗೆ ಚಿಕ್ಕದಾಗಿ: ಸ್ಟೂಡೆಂಟ್ ಪೈಲಟ್‌ಗೆ 16 ವರ್ಷ, ಪ್ರೈವೇಟ್‌ಗೆ 17, ಕಮರ್ಷಿಯಲ್‌ಗೆ 18 ವರ್ಷ ಮತ್ತು 200 ಗಂಟೆ ಹಾರಾಟ.

ಅಭ್ಯಾಸಕ್ಕೆ ಒಂದು ಲೆಕ್ಕ. ಜನವರಿ ಬೆಳಗ್ಗೆ ಏಳು ಗಂಟೆ, ಜಕ್ಕೂರಲ್ಲಿ 14 ಡಿಗ್ರಿ. ಡೆನ್ಸಿಟಿ ಆಲ್ಟಿಟ್ಯೂಡ್ ಎಷ್ಟು? ಮೇಲಿನ ದಾರೀಲೇ ಮಾಡಿ, 3600 ಅಡಿ ಬರಬೇಕು.