ತವಾ ಮೇಲೆ ಎಷ್ಟು ದೋಸೆ?

2004ರ ಮಾತು. ಮೈಕ್ರೋಸಾಫ್ಟ್ ನೌಕರರು ತಮ್ಮ ಆಫೀಸಿನ ಕೆಲಸಕ್ಕೆ ಬಳಸುತ್ತಿದ್ದ ಸುಮಾರು 80 ಸಾಫ್ಟ್‌ವೇರ್‌ಗಳನ್ನು ನೋಡಿಕೊಳ್ಳಲು ಹೈದರಾಬಾದಿನಲ್ಲಿ ಒಂದು ಪುಟ್ಟ ತಂಡವಿತ್ತು. ಕೋಡ್ ಬರೆಯುವವರು ಮೂರು ಜನ, ಬರೆದದ್ದನ್ನು ಪರೀಕ್ಷಿಸುವ ಟೆಸ್ಟರ್‌ಗಳು ಮೂರು ಜನ. ಎಲ್ಲೋ ಒಂದು ಬಗ್, ಅಂದರೆ ಕೋಡಿನ ತಪ್ಪು, ಕಂಡಿತು, ಯಾರಿಗೋ ಒಂದು ಚಿಕ್ಕ ಬದಲಾವಣೆ ಬೇಕಾಯಿತು ಅಂದರೆ ಇವರಿಗೆ ಹೇಳಿಕಳಿಸಬೇಕು. ಹೇಳಿದ ಮೇಲೆ ಅದು ಆಗಿ ಕೈಗೆ ಬರಲು ಸರಾಸರಿ ಐದು ತಿಂಗಳು ಹಿಡಿಯುತ್ತಿತ್ತು.

ಆ ಆರು ಜನ ಸೋಮಾರಿಗಳಾಗಿರಲಿಲ್ಲ. ಕೆಲಸ ಬರದವರೂ ಅಲ್ಲ. ಅವರನ್ನು ಒದಗಿಸಿದ ಕಂಪನಿಗೆ ಗುಣಮಟ್ಟದ ಅತಿ ಮೇಲಿನ ದರ್ಜೆಯ ಪ್ರಮಾಣಪತ್ರ ಬೇರೆ ಇತ್ತು. ಒಂದೊಂದು ಬದಲಾವಣೆಗೂ ನಿಜವಾಗಿ ಬೇಕಿದ್ದದ್ದು ಕೆಲವೇ ದಿನಗಳ ಕೆಲಸ. ಹಾಗಾದರೆ ಉಳಿದ ದಿನಗಳೆಲ್ಲ ಎಲ್ಲಿಗೆ ಹೋದವು?

ಉತ್ತರಕ್ಕೆ ಮೊದಲು ಒಂದು ಸುತ್ತು ಹಾಕಿ ಬರೋಣ. ಸಾಫ್ಟ್‌ವೇರ್ ಲೋಕದಲ್ಲಿ ‘ಅಜೈಲ್’ ಎಂಬ ಮಾತು ಈಗ ಎಷ್ಟು ಸವೆದಿದೆ ಎಂದರೆ, ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡುವ ಯಾರನ್ನು ಕೇಳಿದರೂ ‘ನಮ್ಮದೂ ಅಜೈಲ್’ ಅನ್ನುತ್ತಾರೆ. ಮುಂದಕ್ಕೆ ಕೇಳಿದರೆ ಬೆಳಿಗ್ಗೆ ನಿಂತೇ ಮುಗಿಸುವ ಸ್ಟ್ಯಾಂಡಪ್ ಮೀಟಿಂಗ್, ಸ್ಪ್ರಿಂಟ್ ಎಂಬ ಎರಡು ವಾರದ ಕೆಲಸದ ಕಂತು, ಗೋಡೆಯ ಮೇಲಿನ ಹಳದಿ ಚೀಟಿಗಳು, ಈಚೆಗಾದರೆ ಆ ಚೀಟಿಗಳನ್ನೇ ಕಂಪ್ಯೂಟರಿನಲ್ಲಿ ತೋರಿಸುವ ಜಿರಾ ಎಂಬ ಸಾಫ್ಟ್‌ವೇರಿನ ಪರದೆ. ಇಷ್ಟೇ. ಆದರೆ ಈ ಮಾತಿಗೆ ಹುಟ್ಟು ಕೊಟ್ಟ ಬರಹದಲ್ಲಿ ಇವುಗಳಲ್ಲಿ ಒಂದರ ಹೆಸರೂ ಇಲ್ಲ.

2001ರ ಫೆಬ್ರವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ 17 ಜನ ಸೇರಿದರು. ಕೆಂಟ್ ಬೆಕ್, ವಾರ್ಡ್ ಕನ್ನಿಂಗ್‌ಹ್ಯಾಮ್, ಮಾರ್ಟಿನ್ ಫೌಲರ್, ಕೆನ್ ಶ್ವೇಬರ್ ಮೊದಲಾದವರು. ಸಾಫ್ಟ್‌ವೇರ್ ಕಟ್ಟಲು ಒಬ್ಬೊಬ್ಬರದೂ ಒಂದೊಂದು ಪದ್ಧತಿ. ಅಲ್ಲಿಯವರೆಗೆ ಇವೆಲ್ಲಕ್ಕೂ ಸೇರಿ ‘ಹಗುರ ಪದ್ಧತಿಗಳು’ ಎಂಬ ಹೆಸರಿತ್ತು. ಹಗುರ ಅಂದರೆ ಯಾರಿಗೆ ಇಷ್ಟವಾದೀತು? ಹೊಸ ಹೆಸರು ಹುಡುಕಿದರು, ಚುರುಕು ಎಂಬ ಅರ್ಥದ ‘ಅಜೈಲ್’ ಸಿಕ್ಕಿತು. ಬರೆದದ್ದು ನಾಲ್ಕೇ ಹೋಲಿಕೆಗಳು. ವಿಧಿವಿಧಾನಕ್ಕಿಂತ ಜನ ಮತ್ತು ಅವರ ಒಡನಾಟ ಹೆಚ್ಚು. ರಾಶಿ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಹೆಚ್ಚು. ಕರಾರಿನ ಚೌಕಾಸಿಗಿಂತ ಗಿರಾಕಿಯ ಜೊತೆ ಸೇರಿ ಕೆಲಸ ಮಾಡುವುದು ಹೆಚ್ಚು. ಹಾಕಿಕೊಂಡ ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಹೆಚ್ಚು. ಇಲ್ಲಿ ಮೊದಲು ಹೇಳಿದ್ದಕ್ಕೂ ಬೆಲೆ ಇದೆ, ಆಮೇಲೆ ಹೇಳಿದ್ದಕ್ಕೆ ಜಾಸ್ತಿ ಎಂದೂ ಕೊನೆಯಲ್ಲಿ ಸೇರಿಸಿದ್ದಾರೆ. ಆ ಸಾಲನ್ನು ಓದದೆ ‘ಅಜೈಲ್ ಅಂದರೆ ಡಾಕ್ಯುಮೆಂಟ್ ಬೇಡ’ ಎಂದವರ ಕೋಡನ್ನು ಆಮೇಲೆ ಓದಬೇಕಾಗಿ ಬಂದವರ ಪಾಡು ಕೇಳಬೇಡಿ.

ಇವರು ಯಾವುದರ ಮೇಲೆ ಬೇಸತ್ತಿದ್ದರು? ‘ವಾಟರ್‌ಫಾಲ್’ ಪದ್ಧತಿಯ ಮೇಲೆ. ಮೊದಲು ಏನೇನು ಬೇಕೆಂದು ಪೂರ್ತಿ ಬರೆದುಕೊಳ್ಳುವುದು, ಆಮೇಲೆ ಪೂರ್ತಿ ವಿನ್ಯಾಸ, ಆಮೇಲೆ ಪೂರ್ತಿ ಕೋಡ್, ಕೊನೆಗೆ ಪರೀಕ್ಷೆ. ನೀರು ಮೆಟ್ಟಿಲಿಳಿದ ಹಾಗೆ. ಇದರ ಚಿತ್ರ ಬರೆದದ್ದು 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಎಂಜಿನಿಯರ್. ತಮಾಷೆ ಏನೆಂದರೆ, ಆ ಚಿತ್ರದ ಹತ್ತಿರವೇ ಆತ ‘ಹೀಗೆ ಮಾಡುವುದು ಅಪಾಯ, ಸೋಲನ್ನು ಕರೆದಂತೆ’ ಎಂಬ ಅರ್ಥದ ಮಾತು ಬರೆದಿದ್ದಾರೆ. ವಾಟರ್‌ಫಾಲ್ ಎಂಬ ಪದ ಅವರ ಲೇಖನದಲ್ಲಿ ಇಲ್ಲವೇ ಇಲ್ಲ. ಜನ ಚಿತ್ರ ನೋಡಿದರು, ಪುಟ ತಿರುವಲಿಲ್ಲ.

ಸರಿ, ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಒಂದು ದರ್ಶಿನಿಯಲ್ಲಿ ನಿಲ್ಲೋಣ.

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಒಳಗೆ, ಬಿಲ್ ಹಾಕಿಸಲು ನಿಂತವರು, ಟೋಕನ್ ಹಿಡಿದು ದೋಸೆಗೆ ಕಾಯುವವರು, ತಿನ್ನುವವರು ಎಲ್ಲ ಸೇರಿ 40 ಜನ ಇದ್ದಾರೆ. ನಿಮಿಷಕ್ಕೆ ಇಬ್ಬರು ಒಳಗೆ ಬರುತ್ತಾರೆ, ಇಬ್ಬರು ಹೊರಗೆ ಹೋಗುತ್ತಾರೆ. ಈಗ ಒಳಗೆ ಕಾಲಿಟ್ಟ ನೀವು ತಿಂದು ಹೊರಬರಲು ಸರಾಸರಿ ಎಷ್ಟು ಹೊತ್ತು? 40ನ್ನು 2ರಿಂದ ಭಾಗಿಸಿ. 20 ನಿಮಿಷ. ದೋಸೆ ಬೇಯಲು ಎಷ್ಟು ಹೊತ್ತು, ಭಟ್ಟರು ಎಷ್ಟು ಜನ, ಇದ್ಯಾವುದೂ ಗೊತ್ತಿರಬೇಕಿಲ್ಲ. ಇದಕ್ಕೆ ಲಿಟಲ್‌ನ ನಿಯಮ ಎಂದು ಹೆಸರು. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಇದಕ್ಕೆ ಗಣಿತದ ರುಜುವಾತು ಒದಗಿಸಿದರು. ಬರುವವರ ಮತ್ತು ಹೋಗುವವರ ವೇಗ ಸರಾಸರಿಯಲ್ಲಿ ಸಮನಾಗಿದ್ದರೆ ಸಾಕು, ಬ್ಯಾಂಕಿನ ಕ್ಯೂಗೂ ಇದೇ ಲೆಕ್ಕ, ಸಾಫ್ಟ್‌ವೇರ್ ತಂಡಕ್ಕೂ ಇದೇ ಲೆಕ್ಕ.

ಒಂದು ತಂಡ ವಾರಕ್ಕೆ ಮೂರು ಕೆಲಸ ಮುಗಿಸುತ್ತದೆ ಅಂದುಕೊಳ್ಳಿ. ಶುರುಮಾಡಿ ಕೈಯಲ್ಲಿಟ್ಟುಕೊಂಡಿರುವ ಕೆಲಸ 30. ಒಂದು ಕೆಲಸ ಕೈಗೆ ಬಂದು ಹೊರಗೆ ಹೋಗಲು ಹತ್ತು ವಾರ. ಕೈಯಲ್ಲಿ ಒಂಬತ್ತೇ ಇಟ್ಟುಕೊಂಡರೆ? ಮೂರು ವಾರ. ಯಾರೂ ಹೆಚ್ಚು ಹೊತ್ತು ದುಡಿಯಬೇಕಿಲ್ಲ.

‘ಇದು ಕಣ್ಕಟ್ಟು, ಉಳಿದ 21 ಕೆಲಸ ಬಾಗಿಲ ಹೊರಗೆ ಕಾಯುತ್ತವಲ್ಲ’ ಎಂದು ನಿಮಗನಿಸಿದರೆ ಸರಿಯಾಗಿಯೇ ಅನಿಸಿದೆ. ಕಾಯುತ್ತವೆ. ಆದರೆ ಹೊರಗೆ ಕಾಯುವ ಕೆಲಸಕ್ಕೆ ಇನ್ನೂ ಯಾರ ಶ್ರಮವೂ ಖರ್ಚಾಗಿಲ್ಲ. ಬೇಡವೆಂದರೆ ಬಿಡಬಹುದು, ಬೇರೆಯದನ್ನು ಮುಂದೆ ತರಬಹುದು. ಅರ್ಧ ಮಾಡಿದ ಕೆಲಸ ಹಾಗಲ್ಲ. ಅದು ತವಾ ಮೇಲೆ ಹುಯ್ದ ಹಿಟ್ಟು. ಜೊತೆಗೆ ಐದು ಕೆಲಸವನ್ನು ಒಟ್ಟಿಗೆ ಹಿಡಿದವನು ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಾಗಲೆಲ್ಲ ‘ಎಲ್ಲಿಗೆ ಬಂದಿದ್ದೆ?’ ಎಂದು ಹುಡುಕಬೇಕು. ಆ ಹುಡುಕಾಟ ಯಾವ ಟೈಮ್‌ಶೀಟಿನಲ್ಲೂ ಬರುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಹಳೆಯದು, ಇದಕ್ಕಿಂತ ಕ್ರೂರವಾದದ್ದು. ಕ್ಯೂಗಳ ಗಣಿತ ಶುರುವಾದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ. ಎಷ್ಟು ಕರೆಗಳಿಗೆ ಎಷ್ಟು ತಂತಿ, ಎಷ್ಟು ಆಪರೇಟರ್ ಬೇಕು ಎಂದು ತಲೆಕೆಡಿಸಿಕೊಂಡ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಮೊದಲ ಲೇಖನ ಬರೆದರು. ಆ ಗಣಿತದ ಅತಿ ಸರಳ ಮಾದರಿ ಹೀಗೆ ಹೇಳುತ್ತದೆ. ಒಬ್ಬನೇ ಕೆಲಸಗಾರ, ಕೆಲಸಗಳು ಹೇಗೆ ಬೇಕೋ ಹಾಗೆ ಬರುತ್ತವೆ, ಒಂದು ಚಿಕ್ಕದು, ಒಂದು ದೊಡ್ಡದು, ಸರಾಸರಿ ಒಂದು ದಿನದ್ದು. ಅವನು ತನ್ನ ಹೊತ್ತಿನಲ್ಲಿ ಶೇ. 50ರಷ್ಟು ಮಾತ್ರ ದುಡಿಯುತ್ತಿದ್ದರೆ ನಿಮ್ಮ ಕೆಲಸ ಸರಾಸರಿ ಎರಡು ದಿನಕ್ಕೆ ಆಗುತ್ತದೆ. ಶೇ. 80 ದುಡಿಯುತ್ತಿದ್ದರೆ ಐದು ದಿನ. ಶೇ. 90 ಆದರೆ ಹತ್ತು ದಿನ. ಶೇ. 95ಕ್ಕೆ ಇಪ್ಪತ್ತು ದಿನ. ಶೇ. 100 ಅಂದರೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ನಿಂತವರಿಗೆ ಈ ಗಣಿತ ಬಿಡಿಸಿ ಹೇಳಬೇಕಿಲ್ಲ. ರಸ್ತೆಯ ಒಂದಿಂಚೂ ಖಾಲಿ ಇರುವುದಿಲ್ಲ, ಯಾವ ಗಾಡಿಯೂ ಮುಂದೆ ಹೋಗುವುದಿಲ್ಲ.

ಆದರೆ ಆಫೀಸುಗಳಲ್ಲಿ ಇಂದಿಗೂ ಹೆಮ್ಮೆಯ ಮಾತು ಯಾವುದು? ‘ನಮ್ಮ ಟೀಮ್ ಶೇ. 100 ಬ್ಯುಸಿ.’

ಈಗ ಹೈದರಾಬಾದ್. ಆ ತಂಡದ ಹೊಣೆ ಡ್ರಾಗೋಸ್ ಡುಮಿಟ್ರಿಯು ಎಂಬ ಮ್ಯಾನೇಜರ್ ಪಾಲಿಗೆ ಬಂತು. ಅವರು ಮೈಕ್ರೋಸಾಫ್ಟಿನಲ್ಲೇ ಇದ್ದ ಡೇವಿಡ್ ಆಂಡರ್ಸನ್ ಸಹಾಯ ಕೇಳಿದರು. ಇಬ್ಬರೂ ಕೂತು ಕೆಲಸ ಹೇಗೆ ಸಾಗುತ್ತಿದೆ ಎಂದು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಎಸ್ಟಿಮೇಟ್. ಯಾವುದೇ ಹೊಸ ಬೇಡಿಕೆ ಬಂದರೂ 48 ಗಂಟೆಯೊಳಗೆ ‘ಇದಕ್ಕೆ ಇಷ್ಟು ದಿನ, ಇಷ್ಟು ಖರ್ಚು’ ಎಂದು ಅಂದಾಜು ಕೊಡಬೇಕಿತ್ತು. ಅಂದಾಜು ಅಂದರೆ ಸುಮ್ನೆ ಬಾಯಲ್ಲಿ ಹೇಳುವುದಲ್ಲ. ಒಬ್ಬ ಡೆವಲಪರ್, ಒಬ್ಬ ಟೆಸ್ಟರ್ ಕೈಯಲ್ಲಿದ್ದ ಕೆಲಸ ಬಿಟ್ಟು ಹಳೆಯ ಕೋಡ್ ತೆರೆದು ಓದಿ ಲೆಕ್ಕ ಹಾಕಬೇಕು. ತಂಡದ ಹೊತ್ತಿನಲ್ಲಿ ಮೂರನೇ ಒಂದು ಪಾಲಾದರೂ ಇದಕ್ಕೇ ಹೋಗುತ್ತಿತ್ತು. ಅಷ್ಟಾಗಿ, ಅಂದಾಜು ಹಾಕಿದವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೆಲಸಗಳು ಮುಂದೆ ಆಗುತ್ತಲೇ ಇರಲಿಲ್ಲ. ದುಬಾರಿ ಅನ್ನಿಸಿಯೋ, ಅಷ್ಟು ಹೊತ್ತಿಗೆ ಬೇಡವಾಗಿಯೋ ಬಿದ್ದುಹೋಗುತ್ತಿದ್ದವು. ಬಾಗಿಲಿಗೆ ಬಂದವರೆಲ್ಲ ‘ಮಸಾಲೆ ಎಷ್ಟು ಹೊತ್ತಾಗುತ್ತೆ?’ ಎಂದು ಕೇಳಿದಾಗಲೆಲ್ಲ ಭಟ್ಟರು ತವಾ ಬಿಟ್ಟು ಬಂದು ಉತ್ತರ ಹೇಳುತ್ತಿದ್ದ ಹಾಗೆ.

ಇಬ್ಬರೂ ಎಸ್ಟಿಮೇಟ್ ನಿಲ್ಲಿಸಿಬಿಟ್ಟರು. ಇದು ಹೇಳಿದಷ್ಟು ಸುಲಭವಲ್ಲ, ಯಾಕೆಂದರೆ ಅಂದಾಜಿನ ಅಂಕಿ ನೋಡಿಯೇ ದುಡ್ಡಿನ ಲೆಕ್ಕ ನಡೆಯುತ್ತಿತ್ತು. ಆಮೇಲೆ ಒಬ್ಬೊಬ್ಬರ ಕೈಯಲ್ಲಿ ಒಂದೇ ಕೆಲಸ, ಹಿಂದೆ ಕಾಯಲು ಬೆರಳೆಣಿಕೆಯ ಜಾಗ ಎಂದು ಮಿತಿ ಹಾಕಿದರು. ಜಾಗ ಖಾಲಿಯಾದರೆ ಮಾತ್ರ ಮುಂದಿನದು ಒಳಗೆ. ಯಾವುದು ಒಳಗೆ ಬರಬೇಕೆಂದು ಬೇಡಿಕೆ ಇಡುವವರೇ ವಾರಕ್ಕೊಮ್ಮೆ ಫೋನಿನಲ್ಲಿ ಸೇರಿ ತೀರ್ಮಾನಿಸಬೇಕು. ಮೊದಲು ಇವರು ತಂಡದ ಜೊತೆ ಜಗಳವಾಡುತ್ತಿದ್ದರು, ಈಗ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕಾಯಿತು. ಇಷ್ಟು ಮಾಡಿದ ಮೇಲೆ ಇನ್ನೊಂದು ವಿಷಯ ತಾನಾಗೇ ಕಾಣಿಸಿತು. ಟೆಸ್ಟರ್‌ಗಳ ಕೈ ಆಗಾಗ ಖಾಲಿ, ಡೆವಲಪರ್‌ಗಳ ಹತ್ತಿರ ಕೆಲಸ ಕಟ್ಟಿಕೊಂಡಿದೆ. ಒಂದು ಟೆಸ್ಟರ್ ಜಾಗವನ್ನು ಡೆವಲಪರ್‌ಗೆ ಕೊಟ್ಟು ಮೂರು-ಮೂರು ಇದ್ದದ್ದನ್ನು ನಾಲ್ಕು-ಎರಡು ಮಾಡಿದರು.

2005 ಮುಗಿಯುವ ಹೊತ್ತಿಗೆ ಬೇಡಿಕೆಯೊಂದಕ್ಕೆ ಹಿಡಿಯುತ್ತಿದ್ದ ಸರಾಸರಿ ಹೊತ್ತು ಐದು ತಿಂಗಳಿಂದ ಸುಮಾರು ಎರಡು ವಾರಕ್ಕೆ ಇಳಿದಿತ್ತು. ಹಳೆ ಬಾಕಿ ಕರಗಿತ್ತು. ಮಧ್ಯೆ ಇನ್ನಿಬ್ಬರು ಸೇರಿದ್ದರು ನಿಜ, ಆದರೆ ಆರು ಎಂಟಾದ ಮಾತ್ರಕ್ಕೆ ಐದು ತಿಂಗಳು ಎರಡು ವಾರವಾಗುವುದಿಲ್ಲ. ಕೋಡ್ ಬರೆಯುವ ರೀತಿ, ಪರೀಕ್ಷಿಸುವ ರೀತಿ ಎರಡೂ ಮೊದಲಿನಂತೆಯೇ ಇದ್ದವು.

ಆಂಡರ್ಸನ್ 2005ರ ವಸಂತದಲ್ಲಿ ಟೋಕಿಯೋಗೆ ಹೋಗಿದ್ದರು. ಚೆರ್ರಿ ಹೂಬಿಡುವ ಕಾಲ, ಅರಮನೆಯ ತೋಟ ನೋಡಲು ಜನವೋ ಜನ. ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಟಿಕೆಟ್ ಕೊಟ್ಟರು. ದುಡ್ಡಿಲ್ಲ. ಹೊರಗೆ ಬರುವಾಗ ಮರಳಿಸಬೇಕು. ಇರುವಷ್ಟು ಟಿಕೆಟ್ ಮುಗಿದರೆ, ಯಾರಾದರೂ ಹೊರಬರುವವರೆಗೆ ಉಳಿದವರು ಬಾಗಿಲಲ್ಲೇ. ನಮ್ಮ ಸೈಕಲ್ ಸ್ಟ್ಯಾಂಡಿನ ಬಿಲ್ಲೆಯ ಹಾಗೆ. ಜಪಾನಿನಲ್ಲಿ ಟೊಯೋಟಾ ಕಾರ್ಖಾನೆಯಲ್ಲಿ ತೈಇಚಿ ಓನೊ ಇಂಥದೇ ಚೀಟಿಗಳಿಂದ ಬಿಡಿಭಾಗಗಳ ರಾಶಿಗೆ ಮಿತಿ ಹಾಕಿದ್ದರು. ಹೆಸರು ‘ಕಾನ್‌ಬಾನ್’, ಅಂದರೆ ಫಲಕ. ಆಂಡರ್ಸನ್ ತಮ್ಮ ಪದ್ಧತಿಗೂ ಅದೇ ಹೆಸರಿಟ್ಟರು. ಇವತ್ತು ಕೆಲಸದ ಚೀಟಿಗಳನ್ನು ಸಾಲುಸಾಲಾಗಿ ಅಂಟಿಸುವ ‘ಕಾನ್‌ಬಾನ್ ಬೋರ್ಡ್’ ಎಂಬುದು ಎಲ್ಲ ಕಡೆ ಇದೆ. ಮಿತಿ ಮಾತ್ರ ಬಹಳಷ್ಟು ಬೋರ್ಡುಗಳಲ್ಲಿಲ್ಲ.

ನನ್ನ ಅನುಭವವೂ ಅದೇ. ನಾನಿದ್ದ ಒಂದು ಕಂಪನಿಯಲ್ಲಿ ಅಜೈಲ್ ಬಂದದ್ದು ಎರಡು ದಿನದ ಟ್ರೈನಿಂಗ್ ಮತ್ತು ಒಂದು ಪೆಟ್ಟಿಗೆ ಸ್ಟಿಕಿ ನೋಟ್ ರೂಪದಲ್ಲಿ. ಹದಿನೈದು ನಿಮಿಷದ ಸ್ಟ್ಯಾಂಡಪ್ ನಲವತ್ತು ನಿಮಿಷವಾಯಿತು. ನಿಂತು ನಿಂತು ಕಾಲು ನೋವು ಬಂದು ಒಬ್ಬೊಬ್ಬರೇ ಟೇಬಲ್ಲಿನ ಮೇಲೆ ಕೂತರು. ಪರಸ್ಪರ ಮಾತಾಡಿಕೊಳ್ಳಲು ಇದ್ದ ಸಭೆ ಮ್ಯಾನೇಜರ್‌ಗೆ ವರದಿ ಒಪ್ಪಿಸುವ ಹಾಜರಿ ಪುಸ್ತಕವಾಯಿತು. ಒಂದು ಕೆಲಸ ಎಷ್ಟು ದೊಡ್ಡದೆಂದು ಅಂದಾಜಿಸುವ ಸ್ಟೋರಿ ಪಾಯಿಂಟ್ ಮೂರೋ ಐದೋ ಎಂದು ಅರ್ಧ ಗಂಟೆ ವಾದ. ಆ ಪಾಯಿಂಟುಗಳನ್ನು ಬಹುಶಃ ತಾನೇ ಹುಟ್ಟುಹಾಕಿರಬೇಕು, ಹಾಗಿದ್ದರೆ ಈಗ ಬೇಸರವಿದೆ ಎಂದು ಸ್ನೋಬರ್ಡಿನ 17 ಜನರಲ್ಲೊಬ್ಬರಾದ ರಾನ್ ಜೆಫ್ರೀಸ್ ಬರೆದುಕೊಂಡಿದ್ದಾರೆ. ನಮಗದು ಆಗ ಗೊತ್ತಿರಲಿಲ್ಲ. ಬೋರ್ಡಿನಲ್ಲಿ ‘ಮಾಡುತ್ತಿರುವುದು’ ಎಂಬ ಕಾಲಂ ಕೆಳಗೆ ಒಬ್ಬೊಬ್ಬರ ಹೆಸರಲ್ಲೂ ಆರೇಳು ಚೀಟಿ. ‘ಮುಗಿದದ್ದು’ ಎಂಬ ಕಾಲಂನ ಕೆಳಗೆ ಗೋಡೆಯ ಬಣ್ಣ.

ಎಷ್ಟೋ ತಿಂಗಳ ಮೇಲೆ ನಮ್ಮ ಟೆಸ್ಟರ್ ಒಬ್ಬರು, ತುಂಬ ಕಡಿಮೆ ಮಾತಾಡುವವರು, ಬೋರ್ಡಿನ ಹತ್ತಿರ ಹೋಗಿ ‘ಟೆಸ್ಟಿಂಗ್’ ಕಾಲಂ ಮೇಲೆ ಮಾರ್ಕರ್‌ನಲ್ಲಿ 3 ಎಂದು ಬರೆದರು. ‘ಇದಕ್ಕಿಂತ ಜಾಸ್ತಿ ತರಬೇಡ್ರಪ್ಪ’ ಅಂದರು. ಆ ಗುರುವಾರವೇ ತೊಂದರೆ ಶುರುವಾಯಿತು. ನಮ್ಮ ಹುಡುಗನೊಬ್ಬನ ಕೋಡ್ ಮುಗಿದಿತ್ತು, ಟೆಸ್ಟಿಂಗಿನಲ್ಲಿ ಜಾಗವಿರಲಿಲ್ಲ. ಹೊಸ ಕೆಲಸ ಎತ್ತಿಕೊಳ್ಳುವ ಹಾಗಿಲ್ಲ. ಸುಮ್ನೆ ಕೂತಿದ್ದ. ಆ ದಾರಿಯಲ್ಲಿ ಹೋದ ಮ್ಯಾನೇಜರ್ ‘ಏನಪ್ಪಾ, ಕೆಲಸ ಇಲ್ವಾ?’ ಎಂದು ಕೇಳಿದರು. ಆ ಪ್ರಶ್ನೆಯ ಹಿಂದೆ ಏನಿತ್ತೆಂದು ನಮಗೆಲ್ಲ ಗೊತ್ತಿತ್ತು. ಹುಡುಗ ಮುಜುಗರದಿಂದ ಎದ್ದು ಕುರ್ಚಿ ಎಳೆದುಕೊಂಡು ಹೋಗಿ ಆ ಟೆಸ್ಟರ್ ಪಕ್ಕ ಕೂತ. ಕಾಲಂನಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಚೀಟಿಯನ್ನು ಇಬ್ಬರೂ ಸೇರಿ ತೆರೆದರು. ಕಾಫಿ ಹೊತ್ತಿಗೆ ಅದು ಮುಗಿದು ಆಚೆ ಹೋಯಿತು. ಒಂಬತ್ತು ದಿನದಿಂದ ಅಲ್ಲೇ ಅಂಟಿಕೊಂಡಿದ್ದ ಚೀಟಿ ಅದು.