ಪೀಠದಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ

ಅಮೆರಿಕದಲ್ಲಿ ಗರ್ಭಪಾತದ ಹಕ್ಕು ಹೋಯಿತಂತೆ, ಇಲ್ಲಿಯೂ ಹಾಗಾದೀತಾ ಎಂದು ಕಾಸರಗೋಡಿನಲ್ಲಿ ಕಕ್ಷಿದಾರರು ಕೇಳುವುದುಂಟು. ಒಂದೇ ತೀರ್ಪಿಗೆ ಎಲ್ಲವೂ ಹೋಗಲಾರದು. ಹಾಗೆಂದು ತಳ್ಳಿಹಾಕುವ ಪ್ರಶ್ನೆಯೂ ಅಲ್ಲ.

ಅಲ್ಲಿ ಆ ಹಕ್ಕಿಗೆ ಸಂಸತ್ತಿನ ಕಾಯ್ದೆ ಇರಲಿಲ್ಲ. 1973ರ 'ರೋ' ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೈಕಿ ಏಳು ಮಂದಿ ಸಂವಿಧಾನವನ್ನು ಅರ್ಥೈಸಿದ ರೀತಿಯೇ ಅದರ ಆಧಾರ. ಆ ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪುತ್ತದೆ, ಆಮೇಲೆ ಜೀವನಪರ್ಯಂತ ಹುದ್ದೆ. ಹಾಗಾಗಿ ಒಂದು ಸ್ಥಾನ ಯಾವಾಗ ತೆರವಾಯಿತು ಎಂಬುದೇ ದೊಡ್ಡ ರಾಜಕೀಯ. 2016ರಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡಾಗ, ಚುನಾವಣೆಯ ವರ್ಷ ಎಂದು ಹೇಳಿ ಒಬಾಮ ಹೆಸರಿಸಿದ ಗಾರ್ಲೆಂಡ್ ಅವರನ್ನು ಸೆನೆಟ್ ಪರಿಗಣಿಸಲೇ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರಿಕೊಂಡಾಗ ಚುನಾವಣೆಗೆ ಎರಡು ತಿಂಗಳೂ ಉಳಿದಿರಲಿಲ್ಲ; ಟ್ರಂಪ್ ಹೆಸರಿಸಿದ ಬ್ಯಾರೆಟ್ ನೇಮಕ ಅಷ್ಟರೊಳಗೆ ಮುಗಿಯಿತು. 2022ರ ಜೂನ್ 24ರಂದು 'ರೋ' ತೀರ್ಪನ್ನು ರದ್ದು ಮಾಡಿದ ಐವರಲ್ಲಿ ಮೂವರು ಟ್ರಂಪ್ ನೇಮಿಸಿದವರು. ನೇಮಿಸಿದ ಪಕ್ಷ ನೋಡಿ ತೀರ್ಪು ಊಹಿಸಬಹುದು ಎಂದು ನಾನು ಹೇಳುತ್ತಿಲ್ಲ: 1992ರಲ್ಲಿ ಅದೇ ಹಕ್ಕಿನ ತಿರುಳನ್ನು ಉಳಿಸಿದ ನ್ಯಾಯಮೂರ್ತಿಗಳಾದ ಓಕಾನರ್, ಕೆನಡಿ, ಸೌಟರ್ ಮೂವರೂ ರಿಪಬ್ಲಿಕನ್ ಅಧ್ಯಕ್ಷರ ಆಯ್ಕೆಯೇ.

ನಮ್ಮಲ್ಲಿ 1971ರಿಂದಲೇ ಸಂಸತ್ತು ಮಾಡಿದ ಕಾಯ್ದೆ ಇದೆ. 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು. ನ್ಯಾಯಮೂರ್ತಿಗಳನ್ನು ಆರಿಸುವುದು ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಗುಂಪು. ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ನಿವೃತ್ತಿ. ಇಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಒಟ್ಟಿಗೆ ಕೂರುವುದಿಲ್ಲ, ಸಾಮಾನ್ಯವಾಗಿ ಇಬ್ಬರೋ ಮೂವರೋ ಕೂರುತ್ತಾರೆ. ಅವಿವಾಹಿತೆಯೊಬ್ಬಳಿಗೆ ದೆಹಲಿ ಹೈಕೋರ್ಟ್ ಗರ್ಭಪಾತದ ಅನುಮತಿ ನಿರಾಕರಿಸಿತ್ತು; 2022ರಲ್ಲಿ ಚಂದ್ರಚೂಡ್, ಬೋಪಣ್ಣ, ಪಾರ್ದೀವಾಲಾ ಅವರ ಪೀಠ ಅದೇ 24 ವಾರದ ನಿಯಮ ಓದಿ, ಅದು ಅವಿವಾಹಿತೆಗೂ ಅನ್ವಯಿಸುತ್ತದೆ ಎಂದಿತು. ಮರುವರ್ಷ ಅಕ್ಟೋಬರಿನಲ್ಲಿ 26 ವಾರದ ಗರ್ಭಿಣಿ, ಎರಡು ಮಕ್ಕಳ ತಾಯಿಗೆ 9ರಂದು ಸುಪ್ರೀಂ ಕೋರ್ಟಿನ ಇಬ್ಬರ ಪೀಠದಿಂದ ಅನುಮತಿ ಸಿಕ್ಕಿತು. ಭ್ರೂಣ ಬದುಕುಳಿಯಬಹುದೆಂದು ಏಮ್ಸ್ ವೈದ್ಯರು ತಿಳಿಸಿದ ಮೇಲೆ, 11ರಂದು ಅದೇ ಪೀಠದಲ್ಲಿ ಭಿನ್ನಮತ ಬಂತು: ಹಿಮಾ ಕೊಹ್ಲಿ ಅನುಮತಿಗೆ ಒಪ್ಪಲಿಲ್ಲ, ನಮ್ಮ ಕನ್ನಡದವರೇ ಆದ ಬಿ.ವಿ. ನಾಗರತ್ನ ಆ ತಾಯಿಯ ನಿರ್ಧಾರದ ಪರ ನಿಂತರು. 16ರಂದು ಮೂವರ ಪೀಠ ನಿರಾಕರಿಸಿತು. ನಾಗರತ್ನ ಅವರ ಮಾತೇ ನನಗೆ ಸರಿ ಎನಿಸುತ್ತದೆ; ಹೊರುವವಳು ಅವಳು.

ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಇದು ದೂರದ ದೆಹಲಿಯ ಮಾತಲ್ಲ. ಭ್ರೂಣದ ಅಂಗದೋಷ ನೋಡುವ ಸ್ಕ್ಯಾನಿಂಗ್ ನಡೆಯುವುದೇ 18ರಿಂದ 20ನೇ ವಾರದಲ್ಲಿ. ಮಂಗಳೂರಿನ ರಿಪೋರ್ಟ್ ಹಿಡಿದು, ಮನೆಯವರೆಲ್ಲ ಚರ್ಚಿಸಿ, ಗಂಡ ಗಲ್ಫಿನಿಂದ ಬಂದು ಸಹಿ ಹಾಕಲಿ ಎಂದು ಕಾಯುತ್ತಾರೆ. ಆ ಸಹಿ ಬೇಕಾಗಿಯೇ ಇಲ್ಲ. 18 ವರ್ಷ ದಾಟಿದ ಹೆಣ್ಣಿನ ಒಪ್ಪಿಗೆ ಮಾತ್ರ ಸಾಕು ಎಂದು ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆಯ ನಮೂನೆಯಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ. ಗಂಭೀರ ಅಂಗದೋಷವಿದ್ದರೆ 24 ವಾರದ ಮೇಲೂ ಸರ್ಕಾರದ ವೈದ್ಯಕೀಯ ಮಂಡಳಿಗೆ ಅರ್ಜಿ ಕೊಡಬಹುದು, ಅದು ಮೂರು ದಿನದೊಳಗೆ ಅಭಿಪ್ರಾಯ ಹೇಳಬೇಕು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಮಂಡಳಿಯೂ ಬೇರೆ, ಹೈಕೋರ್ಟೂ ಬೇರೆ. ಯಾವ ಕಡೆ ಎಂದು ಮೊದಲ ದಿನವೇ ತೀರ್ಮಾನಿಸಿ. ಉಳಿದ ಕಾರಣಗಳಿಗೆ ಗಡುವು ಮೀರಿದರೆ ಕೇರಳ ಹೈಕೋರ್ಟ್ ಇರುವ ಎರ್ನಾಕುಳಂವರೆಗೆ ಹೋಗಿ ರಿಟ್ ಅರ್ಜಿ ಹಾಕಬೇಕು. ಆ ವಾರ ಆ ಅರ್ಜಿ ಯಾರ ಮುಂದೆ ಬರುತ್ತದೋ, ಅವರ ಮನೋಭಾವವೂ ಆಗ ಲೆಕ್ಕಕ್ಕೆ ಬರುತ್ತದೆ.

ಗರ್ಭಪಾತದ ಬಗ್ಗೆ ನಿಲುವು ಕೇಳಿ ನ್ಯಾಯಾಧೀಶರನ್ನು ಆರಿಸುವ ಸೆನೆಟ್ ಪದ್ಧತಿ ನಮಗೆ ಬೇಡ. ಆದರೆ ಕೊಲಿಜಿಯಂ ಒಬ್ಬರನ್ನು ಏಕೆ ಆರಿಸಿತು, ಇನ್ನೊಬ್ಬರನ್ನು ಏಕೆ ಬಿಟ್ಟಿತು ಎಂಬುದನ್ನು ಈಗಿನದಕ್ಕಿಂತ ಬಿಡಿಸಿ ಹೇಳಬೇಕು, ಹೈಕೋರ್ಟುಗಳಿಗೆ ಇನ್ನಷ್ಟು ಹೆಣ್ಣುಮಕ್ಕಳು ಬರಬೇಕು. ವಕೀಲರ ಸಂಘಗಳು ಇದನ್ನು ಬರೆದು ಕೇಳಬೇಕು, ನಮ್ಮ ಕಾಸರಗೋಡಿನದೂ ಸೇರಿ.