ಹಿಂಪಡೆದ ನೋಟು ರದ್ದಾದ ನೋಟಲ್ಲ: ಅಂಗಡಿಯವರು 2000ದ ನೋಟನ್ನು ಬೇಡ ಎನ್ನಬಹುದೇ?

2023ರ ಮೇ 19, ಶುಕ್ರವಾರ ಸಂಜೆ ರಿಸರ್ವ್ ಬ್ಯಾಂಕಿನ ಪ್ರಕಟಣೆ ಹೊರಬಿತ್ತು. ಅದರಲ್ಲಿ ಎರಡು ಮಾತಿದ್ದವು. 2000 ರೂಪಾಯಿ ನೋಟನ್ನು ಚಲಾವಣೆಯಿಂದ ಹಿಂಪಡೆಯಲಾಗುತ್ತಿದೆ ಎಂಬುದು ಒಂದು. ಅದರ ಕಾನೂನು ಮಾನ್ಯತೆ ಹಾಗೇ ಇರುತ್ತದೆ ಎಂಬುದು ಇನ್ನೊಂದು. ಅಂಗಡಿಗಳು ಮೊದಲನೆಯದನ್ನಷ್ಟೇ ಕೇಳಿಸಿಕೊಂಡವು, ‘2000 ಬೇಡ’ ಎನ್ನಲು ಶುರುಮಾಡಿದವು. ಅವರನ್ನು ದೂರುವಂತಿಲ್ಲ. 500 ಮತ್ತು 1000ದ ನೋಟುಗಳು ರದ್ದಾದ 2016ರ ನವೆಂಬರ್ 8ರ ರಾತ್ರಿ ಯಾರಿಗೂ ಮರೆತಿರಲಿಲ್ಲ.

ಕಾನೂನಿನ ಲೆಕ್ಕದಲ್ಲಿ ನೋಟು ಹಿಂಪಡೆಯುವುದು, ರದ್ದು ಮಾಡುವುದು ಎರಡೂ ಬೇರೆ ಬೇರೆ ಕ್ರಿಯೆಗಳು. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಪ್ರತಿಯೊಂದು ಬ್ಯಾಂಕ್ ನೋಟೂ ಭಾರತದ ಯಾವ ಮೂಲೆಯಲ್ಲಾದರೂ ಹಣ ಪಾವತಿಗೆ ಸಲ್ಲುತ್ತದೆ. ಈ ಮಾನ್ಯತೆ ಹೋಗಬೇಕಾದರೆ ಅದೇ ಸೆಕ್ಷನ್ನಿನ ಎರಡನೇ ಉಪವಿಧಿಯಂತೆ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು. ಇಲ್ಲವೇ ಪ್ರತ್ಯೇಕ ಕಾನೂನೇ ಬರಬೇಕು. 1946ರ ಜನವರಿಯಲ್ಲಿ 500, 1000 ಮತ್ತು 10,000ದ ನೋಟುಗಳು, 1978ರ ಜನವರಿಯಲ್ಲಿ 1000, 5000 ಮತ್ತು 10,000ದ ನೋಟುಗಳು ಸತ್ತದ್ದು ಸುಗ್ರೀವಾಜ್ಞೆಯಿಂದ. 2016ರಲ್ಲಿ ಮಾತ್ರ ಅಧಿಸೂಚನೆಯೇ ಸಾಕೆನಿಸಿತು. 2023ರ ಜನವರಿ 2ರಂದು ಸುಪ್ರೀಂ ಕೋರ್ಟ್ 4–1ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಭಿನ್ನ ತೀರ್ಪು ಬರೆದವರು ನಮ್ಮ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪ್ರಸ್ತಾವ ಸರ್ಕಾರದಿಂದಲೇ ಹುಟ್ಟಿದ್ದರೆ ಅದಕ್ಕೆ ಪ್ರತ್ಯೇಕ ಕಾನೂನೇ ಬೇಕು ಎಂಬುದು ಅವರ ವಾದ.

ಹಿಂಪಡೆಯುವುದಕ್ಕೆ ಇಷ್ಟೆಲ್ಲ ಬೇಕಿಲ್ಲ. ಬ್ಯಾಂಕಿಗೆ ಬಂದ ನೋಟು ಮತ್ತೆ ಹೊರಗೆ ಹೋಗದಿದ್ದರಾಯಿತು. ಇದಕ್ಕೂ ಹಳೆಯ ಉದಾಹರಣೆಯಿದೆ. 2014ರ ಜನವರಿ 22ರಂದು ರಿಸರ್ವ್ ಬ್ಯಾಂಕ್ 2005ಕ್ಕಿಂತ ಹಿಂದಿನ ನೋಟುಗಳನ್ನು ಹಿಂಪಡೆಯುವುದಾಗಿ ಹೇಳಿತು. ಗುರುತು ಸುಲಭ: ಹಿಂಬದಿಯ ಕೆಳಗಡೆ ನಡುವೆ ಮುದ್ರಣದ ಇಸವಿ ಇಲ್ಲದಿದ್ದರೆ ಅದು ಹಳೆಯದು. ಗಡುವು ಮುಂದೆ ಹೋಗುತ್ತ ಹೋಗುತ್ತ 2016ರ ಜೂನ್ 30ಕ್ಕೆ ಬಂತು. ಆ ನೋಟುಗಳ ಮಾನ್ಯತೆಯನ್ನು ಯಾರೂ ಕಸಿದಿರಲಿಲ್ಲ. ಅಂಗಡಿಗಳಲ್ಲಿ ಗಲಾಟೆಯೂ ಅಷ್ಟಾಗಲಿಲ್ಲ, ಏಕೆಂದರೆ ನೋಟು ತಿರುಗಿಸಿ ಇಸವಿ ನೋಡುವ ಅಭ್ಯಾಸ ಯಾರಿಗಿತ್ತು?

ಗುಲಾಬಿ ನೋಟಿನ ಕಥೆ ಬೇರೆ. ಮೈಸೂರಿನ ಮುದ್ರಣಾಲಯದಲ್ಲೂ ಅಚ್ಚಾದ ಈ ನೋಟು 2018ರ ಮಾರ್ಚ್ ಕೊನೆಯಲ್ಲಿ 6.73 ಲಕ್ಷ ಕೋಟಿ ರೂಪಾಯಿಯಷ್ಟಿತ್ತು, 2023ರ ಮಾರ್ಚ್ ಹೊತ್ತಿಗೆ 3.62 ಲಕ್ಷ ಕೋಟಿಗೆ ಇಳಿದಿತ್ತು. 2018–19ರಲ್ಲೇ ಮುದ್ರಣ ನಿಂತಿತ್ತು. ದಿನಬಳಕೆಯಲ್ಲಿ ಅಪರೂಪವಾಗಿದ್ದ ನೋಟು ಪ್ರಕಟಣೆಯ ಮಾರನೇ ದಿನದಿಂದ ಪೆಟ್ರೋಲ್ ಬಂಕುಗಳಿಗೆ ಮುಗಿಬಿತ್ತು. ನಗದಿನಲ್ಲಿ ಪಾವತಿಯಾದ ತನ್ನ ಆರ್ಡರ್‌ಗಳಲ್ಲಿ ಶೇ. 72 ಇದೇ ನೋಟಿನಲ್ಲಿ ಬಂದಿವೆ ಎಂದು ಜೊಮ್ಯಾಟೊ ಹೇಳಿಕೊಂಡಿತು.

ಚಿಕ್ಕ ಅಂಗಡಿಯವನ ಕಷ್ಟ ಸರಳ. 60 ರೂಪಾಯಿ ಸಾಮಾನಿಗೆ 2000 ಕೊಟ್ಟರೆ ಗಲ್ಲಾಪೆಟ್ಟಿಗೆಯಿಂದ 1940 ಹೋಗುತ್ತದೆ. ಬೆಳಗ್ಗೆ ಇಂಥವರು ಮೂವರು ಬಂದರೆ ನಾಲ್ಕನೆಯವನಿಗೆ ಚಿಲ್ಲರೆ ಇಲ್ಲ. ಬಂದ ನೋಟನ್ನು ಮತ್ತೊಬ್ಬರಿಗೆ ಕೊಡಲಾಗದು, ಬ್ಯಾಂಕಿಗೇ ಹೋಗಬೇಕು. ಅಲ್ಲಿ ಒಂದು ಸಲಕ್ಕೆ ಬದಲಾಗುತ್ತಿದ್ದುದು 20,000 ರೂಪಾಯಿ, ಅಂದರೆ ಹತ್ತು ನೋಟು. ಹಳ್ಳಿಯ ಬ್ಯಾಂಕ್ ಪ್ರತಿನಿಧಿಯ ಬಳಿ ದಿನಕ್ಕೆ 4000, ಎರಡೇ ನೋಟು. ಖಾತೆಗೆ ಕಟ್ಟಲು ಮಿತಿಯಿರಲಿಲ್ಲ, ಆದರೆ ದಿನಕ್ಕೆ 50,000 ದಾಟಿದರೆ ಪ್ಯಾನ್ ಕೇಳುತ್ತಿದ್ದರು.

ಹಾಗಾದರೆ ನಿರಾಕರಿಸಬಹುದೇ? ಕಾನೂನು ಮಾನ್ಯತೆ ಅನ್ನುವುದು ಸಾಲ ತೀರಿಸುವಾಗ ಕೆಲಸಕ್ಕೆ ಬರುತ್ತದೆ. ಸಾಲವೇ ಹುಟ್ಟಿಲ್ಲದಿದ್ದರೆ ಅದಕ್ಕೆ ಹೆಚ್ಚು ಬಲವಿಲ್ಲ. ಬೆಂಗಳೂರಿನ ದರ್ಶಿನಿಯನ್ನೇ ನೋಡಿ. ಅಲ್ಲಿ ಮೊದಲು ದುಡ್ಡು, ಆಮೇಲೆ ಟೋಕನ್, ಕೊನೆಗೆ ಇಡ್ಲಿ. ಕೌಂಟರ್‌ನವನು ‘2000 ಬೇಡ’ ಎಂದರೆ ವ್ಯಾಪಾರವೇ ಕುದುರಿಲ್ಲ, ನೀವು ಅವನಿಗೆ ಏನೂ ಬಾಕಿಯಿಲ್ಲ. ಕೂತು ಉಣ್ಣುವ ಹೋಟೆಲಿನಲ್ಲಿ ಎಲೆ ಎತ್ತಿದ ಮೇಲೆ ಬಿಲ್ಲು ಬರುತ್ತದೆ. ಆಗ ನೀವು ಸಾಲಗಾರರು, 2000ದ ನೋಟು ನೀಡುವುದು ಸರಿಯಾದ ಪಾವತಿ. ಟ್ಯಾಂಕಿಗೆ ಬಿದ್ದ ಪೆಟ್ರೋಲೂ ಹಾಗೇ, ಹೊರತೆಗೆಯಲಾಗದು. 1872ರ ಕರಾರು ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ, ಸರಿಯಾಗಿ ನೀಡಿದ್ದನ್ನು ಎದುರಿನವನು ಒಪ್ಪದಿದ್ದರೆ ಕೊಡಲಿಲ್ಲವೆಂಬ ಹೊಣೆ ನೀಡಿದವನ ಮೇಲೆ ಬರುವುದಿಲ್ಲ. ಬಾಕಿ ಮಾತ್ರ ಮಾಫಿಯಾಗದು, ಊಟ ಪುಕ್ಕಟೆ ಆಗದು.

‘ಈ ನೋಟು ತೆಗೆದುಕೊಳ್ಳುವುದಿಲ್ಲ’ ಎಂಬ ಫಲಕ ಬಾಗಿಲಲ್ಲೇ ಕಾಣುವಂತಿದ್ದರೆ ಊಟದ ಹೋಟೆಲಿನವನ ವಾದಕ್ಕೂ ಬಲ ಬರುತ್ತದೆ, ಏಕೆಂದರೆ ಷರತ್ತು ಮೊದಲೇ ಗೊತ್ತಿತ್ತು. ಬಿಲ್ಲಿನ ಜೊತೆ ಹೇಳಿದರೆ ಆ ಬಲವಿಲ್ಲ. ಅಮೆಜಾನ್ ತನ್ನ ಮನೆಬಾಗಿಲ ನಗದು ಪಾವತಿಗೆ ಸೆಪ್ಟೆಂಬರ್ 19ರಿಂದ ಈ ನೋಟು ನಡೆಯದೆಂದು ಮೊದಲೇ ಸಾರಿದ್ದು ಇದೇ ಜಾಣತನ. ಇನ್ನು, ಚಿಲ್ಲರೆ ಕೊಡಲೇಬೇಕೆಂದು 26ನೇ ಸೆಕ್ಷನ್ ಎಲ್ಲೂ ಹೇಳುವುದಿಲ್ಲ. ನೋಟು ಬೇಡ ಎಂದವನಿಗೆ ದಂಡವನ್ನೂ ಅದು ಬರೆದಿಲ್ಲ. ಹತ್ತು ರೂಪಾಯಿ ನಾಣ್ಯದ ಪಾಡೂ ಇದೇ ಅಲ್ಲವೇ? 14 ವಿನ್ಯಾಸಗಳೂ ಸಲ್ಲುತ್ತವೆ ಎಂದು 2018ರಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದರೂ ನಮ್ಮ ಎಷ್ಟೋ ಊರುಗಳಲ್ಲಿ ‘ಇದು ಓಡಲ್ಲ’ ಎಂಬ ಮಾತು ನಿಲ್ಲಲಿಲ್ಲ.

ಬ್ಯಾಂಕ್ ಶಾಖೆಗಳ ಗಡುವು ಸೆಪ್ಟೆಂಬರ್ 30ರಿಂದ ಅಕ್ಟೋಬರ್ 7ಕ್ಕೆ ಹೋಗಿ ಅಲ್ಲಿಗೆ ಮುಗಿಯಿತು. ನೋಟಿನ ಮಾನ್ಯತೆ ಅದರೊಂದಿಗೆ ಮುಗಿಯಲಿಲ್ಲ. ಹಳೆಯ ಪುಸ್ತಕದ ನಡುವೆ ಒಂದು ಸಿಕ್ಕರೆ ಅಂಗಡಿಯಲ್ಲಿ ವಾದಿಸುವುದಕ್ಕಿಂತ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲೊಂದಕ್ಕೆ ಒಯ್ಯುವುದು ವಾಸಿ. ಕರ್ನಾಟಕದವರಿಗೆ ಅದು ಬೆಂಗಳೂರಿನ ನೃಪತುಂಗ ರಸ್ತೆ. ದೂರದವರು ಅರ್ಜಿ ನಮೂನೆ, ಗುರುತಿನ ಚೀಟಿಯ ಪ್ರತಿ ಮತ್ತು ಖಾತೆಯ ವಿವರ ಇಟ್ಟು ಅಂಚೆಯಲ್ಲೂ ಕಳಿಸಬಹುದು, ಹಣ ಖಾತೆಗೆ ಬೀಳುತ್ತದೆ. ಸಾದಾ ಲಕೋಟೆ ಬೇಡ, ವಿಮೆ ಮಾಡಿಸಿದ ಅಂಚೆಯಲ್ಲೇ ಹಾಕಿ.